ದಾಸವಾಳದ ಕೆಂಪು ಫೋಟೋದಲ್ಲಿ ಕಲಸಿಹೋಗುವುದೇಕೆ?

ಪ್ರಶ್ನೆ: ಹಿತ್ತಲಿನ ಕೆಂಪು ದಾಸವಾಳದ ಫೋಟೋ ತೆಗೆದರೆ ಎಸಳಿನ ನರಗಳೂ ಮಡಿಕೆಗಳೂ ಮಾಯವಾಗಿ, ಕೆಂಪು ಕಾಗದವನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಪಕ್ಕದಲ್ಲೇ ಇರುವ ನಂದಿಬಟ್ಟಲು ಚೆನ್ನಾಗಿ ಬರುತ್ತದೆ. ನನ್ನ ಕ್ಯಾಮೆರಾದ ಸೆನ್ಸರ್‌ಗೆ ಕೆಂಪನ್ನು ಹಿಡಿಯುವ ಶಕ್ತಿ ಇಲ್ಲವೇ? ಬೇರೆಯದನ್ನು ಕೊಳ್ಳಬೇಕೇ?

ಉತ್ತರ: ಕೊಳ್ಳಬೇಕಾಗಿಲ್ಲ. ಮುತ್ತುಗ ಅರಳುವ ಫೆಬ್ರುವರಿಯಿಂದ ಗುಲ್‌ಮೊಹರ್ ಉದುರುವ ಜೂನ್‌ವರೆಗೆ ಈ ಪ್ರಶ್ನೆ ಪ್ರತಿ ವರ್ಷವೂ ನನಗೆ ತಪ್ಪದೆ ಬರುತ್ತದೆ, ಮತ್ತು ಪ್ರತಿ ಸಲವೂ ಅದರ ಬಾಲದಲ್ಲಿ ಹೊಸ ಕ್ಯಾಮೆರಾದ ಮಾತಿರುತ್ತದೆ. ಚಿಕ್ಕ ಉತ್ತರ ಇಷ್ಟೇ: ಎಕ್ಸ್‌ಪೋಶರನ್ನು, ಎಂದರೆ ಕ್ಯಾಮೆರಾ ಒಳಬಿಟ್ಟುಕೊಳ್ಳುವ ಬೆಳಕನ್ನು, ಅರ್ಧದಿಂದ ಒಂದು ಸ್ಟಾಪ್ ತಗ್ಗಿಸಿ (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧವಾಗುತ್ತದೆ), ಚಿತ್ರದ ಕತ್ತಲು-ಬೆಳಕಿನ ಹಂಚಿಕೆಯನ್ನು ಎಡದಿಂದ ಬಲಕ್ಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪಿನ ಗೆರೆಯನ್ನು ಪ್ರತ್ಯೇಕವಾಗಿ ನೋಡಿ, ಸಾಧ್ಯವಾದರೆ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಉಳಿಸುವ ರಾ ಫೈಲಿನಲ್ಲಿ ತೆಗೆಯಿರಿ. ಆದರೆ ಸೆನ್ಸರ್ ಕೆಂಪಿಗೆ ಸೋಲುತ್ತದೆ ಎಂಬ ನಂಬಿಕೆ ಮನಸ್ಸಿನಲ್ಲಿ ಉಳಿದಿರುವವರೆಗೆ ಈ ಉತ್ತರ ಯಾರಿಗೂ ರುಚಿಸುವುದಿಲ್ಲ ಎಂಬುದನ್ನು ಕಂಡುಕೊಂಡಿರುವುದರಿಂದ, ಆ ನಂಬಿಕೆಯನ್ನೇ ಮೊದಲು ಬಿಡಿಸಿ ನೋಡೋಣ.

ಈ ನಂಬಿಕೆಗೆ ಆಧಾರವಾಗಿ ಎಲ್ಲರೂ ಹೇಳುವುದು ಒಂದು ನಿಜವಾದ ಸಂಗತಿಯನ್ನೇ. ಕೊಡ್ಯಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ, ಇಂದಿಗೂ ಬಹುಪಾಲು ಕ್ಯಾಮೆರಾಗಳಲ್ಲಿರುವ ವಿನ್ಯಾಸದಲ್ಲಿ ಸೆನ್ಸರಿನ ಪ್ರತಿ ನಾಲ್ಕು ಪಿಕ್ಸೆಲ್‌ಗಳಲ್ಲಿ, ಎಂದರೆ ಬೆಳಕು ಹಿಡಿಯುವ ಪುಟ್ಟ ಚುಕ್ಕಿಗಳಲ್ಲಿ, ಎರಡು ಹಸಿರಿಗೆ, ಒಂದು ನೀಲಿಗೆ, ಒಂದು ಮಾತ್ರ ಕೆಂಪಿಗೆ ಮೀಸಲು. ಸಂಗತಿ ಸರಿ, ಅದರಿಂದ ತೆಗೆದ ತೀರ್ಮಾನ ತಪ್ಪು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಕಾಲು ಭಾಗವೆಂದರೂ 60 ಲಕ್ಷ ಕೆಂಪು ಪಿಕ್ಸೆಲ್‌ಗಳಾದವು. ಚಿತ್ರದ ತುಂಬ ಅರಳಿ ನಿಂತ ದಾಸವಾಳದ ಮಡಿಕೆಗಳನ್ನು ಬಿಡಿಸಿ ತೋರಿಸಲು ಅವು ಬೇಕಾದಷ್ಟಾಯಿತು. ಅವುಗಳ ಕೊರತೆಯಿಂದ ತೀರ ಸೂಕ್ಷ್ಮವಾದ ಎಳೆಗಳು ತುಸು ಮೆತ್ತಗಾಗಬಹುದೇ ಹೊರತು ಇಡೀ ಎಸಳು ಚಪ್ಪಟೆಯಾಗುವುದಿಲ್ಲ.

ಎರಡನೆಯ ಸಂಗತಿಯನ್ನು ಈ ವಾದ ಹೂಡುವವರು ಗಮನಿಸಿಯೇ ಇರುವುದಿಲ್ಲ. ಬಿಸಿಲಿನಲ್ಲಿ ಒಂದು ಬಿಳಿ ಹಾಳೆಯ ಫೋಟೋ ತೆಗೆದರೆ ಬಹುತೇಕ ಸೆನ್ಸರ್‌ಗಳಲ್ಲಿ ಮೊದಲು ತುಂಬಿಬರುವುದು ಹಸಿರು ಪಿಕ್ಸೆಲ್‌ಗಳೇ, ಕೆಂಪು ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಅದರ ಅರ್ಧದಲ್ಲಿರುತ್ತವೆ. ಬಿಳಿಯನ್ನು ಬಿಳಿಯಾಗಿಯೇ ತೋರಿಸಬೇಕಾದ್ದರಿಂದ, ಕ್ಯಾಮೆರಾ ತಾನೇ ಸಂಸ್ಕರಿಸಿ ಕೊಡುವ ಜೆಪೆಗ್ ಚಿತ್ರ ಸಿದ್ಧವಾಗುವಾಗ ವೈಟ್ ಬ್ಯಾಲೆನ್ಸ್ ಎಂಬ ಹಂತದಲ್ಲಿ ಕ್ಯಾಮೆರಾ ಕೆಂಪಿನ ಅಂಕಿಗಳನ್ನು ಸುಮಾರು ಎರಡು ಪಟ್ಟು ಹೆಚ್ಚಿಸುತ್ತದೆ. ಬಿಳಿ ಹಾಳೆಗೆ ಇದು ನ್ಯಾಯ. ಆದರೆ ದಾಸವಾಳದ ಎಸಳು ಹಸಿರನ್ನೂ ನೀಲಿಯನ್ನೂ ಬಹುಪಾಲು ಹೀರಿಕೊಂಡು ಕೆಂಪನ್ನಷ್ಟೇ ಹಿಂದಿರುಗಿಸುತ್ತದೆ. ಆ ಕೆಂಪು ಇಮ್ಮಡಿಯಾದಾಗ 0ಯಿಂದ 255ರವರೆಗಿನ ಅಳತೆಯಲ್ಲಿ ಎಸಳಿನ ಬೆಳಕಿನ ಭಾಗವೂ ಅದರ ಪಕ್ಕದ ಮಬ್ಬು ಮಡಿಕೆಯೂ ಒಟ್ಟಿಗೆ 255ಕ್ಕೆ ಹೋಗಿ ತಲೆ ತಾಗಿಸಿ ನಿಲ್ಲುತ್ತವೆ. ಹಸಿರು ಮತ್ತು ನೀಲಿ ಆಗಲೇ ಸೊನ್ನೆಯ ಹತ್ತಿರ ಇರುವುದರಿಂದ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ವ್ಯತ್ಯಾಸವನ್ನು ಹೇಳಬಲ್ಲ ಅಂಕಿಯೇ ಉಳಿಯುವುದಿಲ್ಲ. ಮೇಲಾಗಿ ಬಣ್ಣವನ್ನು ಗಾಢವಾಗಿಸುವ ‘ವಿವಿಡ್’ ಅಥವಾ ‘ಲ್ಯಾಂಡ್‌ಸ್ಕೇಪ್’ ಆಯ್ಕೆ ಹಾಕಿದ್ದರೆ ಮುಗಿದೇಹೋಯಿತು. ನಂದಿಬಟ್ಟಲಿನಲ್ಲಿ ಮೂರೂ ಬಣ್ಣಗಳು ಸಮವಾಗಿ ಏರುವುದರಿಂದ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಎಚ್ಚೆತ್ತು ಬೆಳಕನ್ನು ತಗ್ಗಿಸುತ್ತದೆ. ಮುತ್ತುಗದ ಕಿತ್ತಳೆಗೆಂಪಿನಲ್ಲಿ ಹಸಿರಿನ ಪಾಲೂ ಒಂದಿಷ್ಟು ಇರುವುದರಿಂದ ಅದು ದಾಸವಾಳದಷ್ಟು ಕೆಡುವುದಿಲ್ಲ.

ವಿವರ ಕಳೆದುಹೋದದ್ದು ಸೆನ್ಸರಿನಲ್ಲಲ್ಲ ಎಂಬುದನ್ನು ನೀವೇ ಪರೀಕ್ಷಿಸಬಹುದು. ಒಂದೇ ಹೂವನ್ನು ರಾ ಮತ್ತು ಜೆಪೆಗ್ ಎರಡರಲ್ಲೂ ತೆಗೆದು, ರಾ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ಎಕ್ಸ್‌ಪೋಶರ್ ಇಳಿಸಿದರೆ, ಜೆಪೆಗ್‌ನಲ್ಲಿ ಇಲ್ಲವಾಗಿದ್ದ ನರಗಳು ಹೆಚ್ಚಿನ ಸಲ ಮರಳಿ ಮೂಡುತ್ತವೆ. ಸೆನ್ಸರ್ ಹಿಡಿದಿರದಿದ್ದರೆ ಅವು ಎಲ್ಲಿಂದ ಬಂದವು? ಜೆಪೆಗ್‌ನ ಬಣ್ಣದ ಗಾಢತೆಯನ್ನು ತಗ್ಗಿಸಿ ಇದೇ ಫಲ ಪಡೆಯಲು ಆಗುವುದಿಲ್ಲ. ಅಲ್ಲಿ ಚಪ್ಪಟೆ ಕೆಂಪು ಚಪ್ಪಟೆ ಗುಲಾಬಿಯಾಗುತ್ತದೆ, ಅಷ್ಟೇ.

“ಹಿಸ್ಟೋಗ್ರಾಮ್ ಬಲತುದಿಯನ್ನು ಮುಟ್ಟಿಯೇ ಇರಲಿಲ್ಲವಲ್ಲ” ಎನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದೇ ಬಿಳಿ ಗುಡ್ಡೆಯಂತೆ ಕಾಣುವ ಹಿಸ್ಟೋಗ್ರಾಮ್ ತೋರಿಸುವುದು ಮೂರೂ ಬಣ್ಣ ಸೇರಿದ ಹೊಳಪನ್ನು; ರೂಢಿಯ ಲೆಕ್ಕದಲ್ಲಿ ಅದರೊಳಗೆ ಕೆಂಪಿನ ತೂಕ 0.299, ಹಸಿರಿನದು 0.587, ನೀಲಿಯದು 0.114. ಹೀಗಾಗಿ 255 ಮುಟ್ಟಿ ನಿಂತ ಅಚ್ಚ ಕೆಂಪು ಆ ಗುಡ್ಡೆಯಲ್ಲಿ ಸುಮಾರು 76ರ ಹತ್ತಿರ, ಎಂದರೆ ಎಡಕ್ಕೆ, ಕತ್ತಲ ಪಾಳಿಯಲ್ಲಿ ಹೋಗಿ ಕೂರುತ್ತದೆ. ಅದನ್ನು ನೋಡಿ ಬೆಳಕು ಸಾಲದೆಂದು ಇನ್ನಷ್ಟು ಏರಿಸಿದವರನ್ನು ನಾನು ಕಂಡಿದ್ದೇನೆ. ಕ್ಯಾಮೆರಾದ ಮೆನುವಿನಲ್ಲಿ ಮೂರು ಬಣ್ಣಗಳ ಹಿಸ್ಟೋಗ್ರಾಮ್ ಇದ್ದರೆ ಅದನ್ನೇ ಆರಿಸಿಕೊಳ್ಳಿ. ಕಡುಹಸಿರು ಎಲೆಗಳ ನಡುವಿನ ಒಂಟಿ ಹೂವಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಮೀಟರ್ ಎಲೆಯ ಕತ್ತಲನ್ನು ನಂಬಿ ಹೂವನ್ನು ಸುಡುತ್ತದೆ.

ಇದನ್ನು ಬರೆಯುವಾಗ, ಯಾರೂ ಕೇಳದಿದ್ದರೂ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ನೆನಪಾಗುತ್ತದೆ: ಸಂಜೆ ಕಣ್ಣಿಗೆ ಕೆಂಡದಂತೆ ಕಂಡ ಬಾದಾಮಿಯ ಬಂಡೆ ಫೋಟೋದಲ್ಲಿ ಮಂಕು ಕಂದಾಗುವುದೇಕೆ? ಇಲ್ಲಿನ ತೊಂದರೆ ದಾಸವಾಳದ್ದಕ್ಕೆ ತೀರ ವಿರುದ್ಧವಾದದ್ದು. ಕಬ್ಬಿಣದ ಆಕ್ಸೈಡಿನಿಂದ ಕೆಂಪೇರಿದ ಆ ಮರಳುಗಲ್ಲು ಹಸಿರನ್ನೂ ನೀಲಿಯನ್ನೂ ಸಾಕಷ್ಟು ಹಿಂದಿರುಗಿಸುವುದರಿಂದ ಅಲ್ಲಿ ಕೆಂಪು ತುಂಬಿ ಚೆಲ್ಲುವ ಭಯ ಕಡಿಮೆ. ಆದರೆ ಚಿತ್ರದ ತುಂಬ ಒಂದೇ ಬೆಚ್ಚನೆಯ ಬಣ್ಣ ಹರಡಿರುವುದನ್ನು ಕಂಡ ಆಟೋ ವೈಟ್ ಬ್ಯಾಲೆನ್ಸ್ ಅದನ್ನು ಬೆಳಕಿನ ದೋಷವೆಂದು ತಿಳಿದು ಕೆಂಪನ್ನು ತಗ್ಗಿಸಿ ನೀಲಿಯನ್ನು ಸೇರಿಸುತ್ತದೆ. ನಾವು ಯಾವುದಕ್ಕಾಗಿ ಅಷ್ಟು ದೂರ ಹೋದೆವೋ ಅದನ್ನೇ ಒರೆಸಿಹಾಕುತ್ತದೆ. ಬಾದಾಮಿಯ ಕೆರೆಯಾದ ಅಗಸ್ತ್ಯ ತೀರ್ಥದ ಪಶ್ಚಿಮದ ದಡದಲ್ಲಿ ನಿಂತು, ಸೂರ್ಯನಿಗೆ ಬೆನ್ನು ಮಾಡಿ, ಎದುರು ದಡದ ಭೂತನಾಥ ದೇವಾಲಯವನ್ನೂ ಅದರ ಹಿಂದಿನ ಬಂಡೆಗಳನ್ನೂ ತೆಗೆಯುವಾಗ ವೈಟ್ ಬ್ಯಾಲೆನ್ಸನ್ನು ‘ಡೇಲೈಟ್’ಗೆ, ಎಂದರೆ ಸುಮಾರು 5,200ರಿಂದ 5,500 ಕೆಲ್ವಿನ್‌ಗೆ, ಕೈಯಾರೆ ನಿಲ್ಲಿಸಿ. ಇನ್ನೂ ಕೆಂಪಾಗಲೆಂದು ‘ಶೇಡ್’ ಆಯ್ಕೆಗೆ ಮಾತ್ರ ಹೋಗಬೇಡಿ. ಅದು ಕೆಂಪಿನ ಅಂಕಿಗಳನ್ನು ಮತ್ತಷ್ಟು ಏರಿಸುವುದರಿಂದ ಬಂಡೆಯ ಮೇಲಿನ ಪದರಗಳು ಒಂದರೊಳಗೊಂದು ಸೇರಿಹೋಗಲು ತೊಡಗುತ್ತವೆ.