ಅಂಚಿನ ಗೆರೆಯಾಚೆಯ ದನಿ

ಹತ್ತು ವರ್ಷದೊಳಗಿನ ಬಾಲಕಿಯರ ಫುಟ್‌ಬಾಲ್ ಪಂದ್ಯವೊಂದರಲ್ಲಿ, ಹಿಂದಿನ ಸಾಲಿನಲ್ಲಿ ಎಡಬದಿಯ ಡಿಫೆಂಡರ್ ಆಗಿದ್ದ ಹುಡುಗಿಯ ಕಾಲಿಗೆ ಚೆಂಡು ಬಂತು. ಎದುರಾಳಿ ಇನ್ನೂ ಐದಾರು ಹೆಜ್ಜೆ ದೂರದಲ್ಲಿದ್ದಳು. ಹಿಂದೆ ಗೋಲ್‌ಕೀಪರ್, ಪಕ್ಕದಲ್ಲಿ ಜೊತೆಗಾತಿ, ಇಬ್ಬರೂ ಪಾಸ್‌ಗಾಗಿ ಸಿದ್ಧರಿದ್ದರು. ಅದೇ ಕ್ಷಣದಲ್ಲಿ ಗೆರೆಯಾಚೆಯಿಂದ ಆಕೆಯ ತಂದೆ “ಹೊಡಿ, ದೂರಕ್ಕೆ ಹೊಡಿ!” ಎಂದು ಕೂಗಿದರು, ಇನ್ನೊಬ್ಬರು “ಹುಷಾರು, ಬಂದಳು!” ಎಂದರು, ಕೋಚ್ “ನಿಧಾನ, ತಲೆಯೆತ್ತಿ ನೋಡು” ಎಂದರು. ಹುಡುಗಿ ತಲೆಯೆತ್ತಿದಳು, ಆದರೆ ನೋಡಿದ್ದು ಅಪ್ಪನ ಮುಖವನ್ನು. ಅಷ್ಟರಲ್ಲಿ ಚೆಂಡು ಎದುರಾಳಿಯ ಪಾಲಾಗಿತ್ತು, ಮರುಕ್ಷಣವೇ ಗೋಲೂ ಆಯಿತು. ತಂದೆ ಕೈಚೆಲ್ಲಿ ಪಕ್ಕದಲ್ಲಿದ್ದವರಿಗೆ “ಎಷ್ಟು ಹೇಳಿದರೂ ಕೇಳುವುದೇ ಇಲ್ಲ” ಎಂದರು. ಆಕೆ ಕೇಳಿದ್ದರಿಂದಲೇ ಚೆಂಡು ಹೋಯಿತೆಂಬುದು ಅವರಿಗೆ ಹೊಳೆಯಲಿಲ್ಲ.

ಮಕ್ಕಳ ಕ್ರೀಡಾ ಮನಃಶಾಸ್ತ್ರಜ್ಞೆಯಾಗಿ ನಾನು ಇಂಥ ಪಂದ್ಯಗಳನ್ನು ಮೈದಾನದ ಅಂಚಿನಲ್ಲಿ ನಿಂತು ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಪೋಷಕರ ವರ್ತನೆಯ ಮಾತು ಬಂದಾಗಲೆಲ್ಲ ಜನರ ಮನಸ್ಸಿಗೆ ಮೊದಲು ಬರುವುದು ಬೈಗುಳ, ರೆಫರಿಯ ಮೇಲೆ ಏರಿಹೋಗುವುದು, ಎರಡು ತಂಡಗಳ ಪೋಷಕರು ಕೈಕೈ ಮಿಲಾಯಿಸುವುದು. ಅವು ಗಂಭೀರವಾದವೇ, ಆದರೆ ತಪ್ಪೆಂದು ಎಲ್ಲರೂ ಒಪ್ಪುವಂಥವು. ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರ ತಂದೆತಾಯಿಯರು ಮೈದಾನದಲ್ಲಿ ಯಾರನ್ನೂ ಬೈದವರಲ್ಲ. ಮಗು ಚೆನ್ನಾಗಿ ಆಡಲಿ ಎಂಬ ಒಂದೇ ಆಸೆಯಿಂದ ಪಂದ್ಯದುದ್ದಕ್ಕೂ ಸೂಚನೆ ಕೊಡುತ್ತಲೇ ಇರುವವರು ಅವರು. ಪ್ರೀತಿಯಿಂದ ಬರುವ ಆ ಸೂಚನೆಗಳು ಮಗುವಿಗೆ ಮಾಡುವ ಹಾನಿಯ ಬಗ್ಗೆ ಮಾತನಾಡುವವರು ಕಡಿಮೆ.

ಫುಟ್‌ಬಾಲ್‌ನಲ್ಲಿ ಆಟ ನಿಲ್ಲಿಸಿ ಕೋಚ್ ಜೊತೆ ಸಮಾಲೋಚಿಸಲು ಟೈಮ್‌ಔಟ್ ಇಲ್ಲ. ಚೆಂಡು ಕಾಲಿಗೆ ಬರುವ ಮೊದಲೇ ಸುತ್ತ ಯಾರಿದ್ದಾರೆಂದು ನೋಡಿಕೊಂಡು, ಬಂದ ಮೇಲೆ ಒಂದೆರಡು ಸೆಕೆಂಡುಗಳಲ್ಲಿ ಪಾಸ್ ಮಾಡಬೇಕೋ, ಚೆಂಡನ್ನು ತಾನೇ ಕಾಲಲ್ಲಿ ಒಯ್ಯುತ್ತ ಡ್ರಿಬಲ್ ಮಾಡಬೇಕೋ, ಹೊರಗೆ ಹೊಡೆಯಬೇಕೋ ಎಂದು ಆಟಗಾರ ತಾನೇ ತೀರ್ಮಾನಿಸಬೇಕು. ಮಗು ಕಲಿಯಬೇಕಾದ ಮುಖ್ಯ ವಿದ್ಯೆಯೇ ಇದು. ಒದೆಯುವುದನ್ನು ಗೋಡೆಯ ಎದುರು ನಿಂತು ಕೂಡ ಕಲಿಯಬಹುದು. ಆ ಒಂದೆರಡು ಸೆಕೆಂಡುಗಳಲ್ಲಿ ಮಗುವಿನ ಗಮನಕ್ಕೆ ಇರುವ ಜಾಗ ಬಹಳ ಚಿಕ್ಕದು. ಅದರೊಳಕ್ಕೆ ಮೂರು ದನಿಗಳು ನುಗ್ಗಿದರೆ ನೋಟ ಹೊರಬೀಳುತ್ತದೆ. ಅದರಲ್ಲೂ ಹೆತ್ತವರ ದನಿಯನ್ನು ಕೇಳಿಯೂ ಕೇಳದಂತೆ ಇರಲು ಮಗುವಿಗೆ ಸಾಧ್ಯವಿಲ್ಲ, ಏಕೆಂದರೆ ರಸ್ತೆ ದಾಟುವಾಗಲೂ ಒಲೆಯ ಹತ್ತಿರ ಹೋದಾಗಲೂ ಆ ದನಿ ಕೇಳಿದ ಕೂಡಲೇ ನಿಲ್ಲಬೇಕೆಂದು ನಾವೇ ಕಲಿಸಿರುತ್ತೇವೆ. ಹೀಗೆ ಪಂದ್ಯಗಳ ಒಂದು ಋತು ಕಳೆಯುವಷ್ಟರಲ್ಲಿ ಮಗು ಸೂಚನೆಗಾಗಿ ಕಾಯಲು ಕಲಿತಿರುತ್ತದೆ, ಮತ್ತು ಸೂಚನೆ ಬರದಿದ್ದ ದಿನ ಚೆಂಡನ್ನು ಆದಷ್ಟು ಬೇಗ ಇನ್ನೊಬ್ಬರಿಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ.

ಮಕ್ಕಳ ಪಂದ್ಯಗಳ ಸ್ವರೂಪವನ್ನು ಬದಲಿಸಿದವರ ಮನಸ್ಸಿನಲ್ಲಿಯೂ ಇದೇ ವಿಚಾರವಿತ್ತು. ಅಮೆರಿಕದ ಫುಟ್‌ಬಾಲ್ ಒಕ್ಕೂಟ 2017ರಿಂದ ಎಂಟರೊಳಗಿನವರಿಗೆ ತಂಡಕ್ಕೆ 4, ಒಂಬತ್ತು–ಹತ್ತರವರಿಗೆ 7, ಹನ್ನೊಂದು–ಹನ್ನೆರಡರವರಿಗೆ 9 ಆಟಗಾರರೆಂದು ಗೊತ್ತುಮಾಡಿತು. ಆಟಗಾರರು ಕಡಿಮೆಯಾದಷ್ಟೂ ಪ್ರತಿ ಮಗುವಿನ ಕಾಲಿಗೆ ಚೆಂಡು ಹೆಚ್ಚು ಸಲ ಬರುತ್ತದೆ, ತೀರ್ಮಾನಗಳೂ ಹೆಚ್ಚುತ್ತವೆ. ಏಳು ಮಂದಿಯ ಆಟದಲ್ಲಿ ಗೋಲ್‌ಕೀಪರ್ ಕೈಗೆ ಚೆಂಡು ಸಿಕ್ಕಾಗ ಎದುರಾಳಿಗಳು ಮೈದಾನಕ್ಕೆ ಅಡ್ಡಲಾಗಿ ಎಳೆದ ಒಂದು ಗೆರೆಯ ಹಿಂದಕ್ಕೆ ಸರಿಯಬೇಕು, ಮತ್ತು ಗೋಲ್‌ಕೀಪರ್ ಚೆಂಡನ್ನು ಕೈಯಿಂದ ಬಿಟ್ಟು ದೂರಕ್ಕೆ ಒದೆಯುವಂತಿಲ್ಲ. ಹಿಂದಿನ ಸಾಲಿನ ಮಕ್ಕಳು ಹೆದರದೆ ಚೆಂಡನ್ನು ಕಾಲಲ್ಲಿಟ್ಟುಕೊಂಡು ಪಾಸ್‌ಗಳಿಂದ ಆಟ ಕಟ್ಟಲಿ ಎಂದೇ ಇಷ್ಟೆಲ್ಲ ಏರ್ಪಾಡು. ದೊಡ್ಡವರ ಆಟದಲ್ಲಿಯೂ 2019ರ ನಿಯಮ ಬದಲಾವಣೆಯ ನಂತರ ಗೋಲ್‌ಕಿಕ್ ಅನ್ನು, ಅಂದರೆ ಗೋಲಿನ ಬಳಿಯಿಂದ ಆಟ ಮತ್ತೆ ಆರಂಭಿಸುವ ಒದೆತವನ್ನು, ಗೋಲಿನ ಮುಂದಿನ ಪೆನಾಲ್ಟಿ ಪ್ರದೇಶದೊಳಗೇ ನಿಂತ ಸಹ ಆಟಗಾರನಿಗೆ ಕೊಡಬಹುದಾಗಿದೆ. ಇಂಥ ಹೊತ್ತಿನಲ್ಲಿ “ದೂರಕ್ಕೆ ಹೊಡಿ” ಎಂದು ಕೂಗುವ ತಂದೆ, ವಾರವೆಲ್ಲ ಕೋಚ್ ಕಲಿಸಿದ್ದನ್ನು ತನಗೆ ತಿಳಿಯದೆಯೇ ಅಳಿಸಿಹಾಕುತ್ತಿರುತ್ತಾರೆ. ಇಬ್ಬರ ಮಾತನ್ನೂ ಮೀರಲಾಗದ ಮಗು ನಡುವೆ ಸಿಕ್ಕಿಕೊಳ್ಳುತ್ತದೆ. ಆ ವಯಸ್ಸಿನಲ್ಲಿ ಹಿಂದಿನ ಸಾಲಿನಲ್ಲಿ ಪಾಸ್ ತಪ್ಪಿ ಗೋಲು ಬಿಟ್ಟುಕೊಡುವುದು ಕಲಿಕೆಯ ಭಾಗವೆಂದು ಕೋಚ್‌ಗೆ ಗೊತ್ತಿರುತ್ತದೆ. ಗೆರೆಯಾಚೆ ನಿಂತವರಿಗೆ ಅದು ಕಣ್ಣೆದುರಿನ ಸೋಲಾಗಿ ಮಾತ್ರ ಕಾಣುತ್ತದೆ.

ರೆಫರಿಯ ವಿಷಯಕ್ಕೆ ಬಂದರೆ, ಮಕ್ಕಳ ಪಂದ್ಯ ನಡೆಸುವವರು ಅನೇಕ ಸಲ ತಾವೇ ಹದಿಹರೆಯದವರು ಎಂಬುದನ್ನು ಪೋಷಕರು ಮರೆಯುತ್ತಾರೆ. ಅತಿ ಹೆಚ್ಚು ಕೂಗಾಟ ಆಗುವುದು ಆಫ್‌ಸೈಡ್ ಬಗ್ಗೆ, ಅಂದರೆ ಚೆಂಡನ್ನೂ, ಗೋಲ್‌ಕೀಪರ್ ಸೇರಿ ಎದುರು ತಂಡದ ಹಿಂದಿನಿಂದ ಎರಡನೆಯ ಆಟಗಾರನನ್ನೂ ದಾಟಿ ಗೋಲಿನ ಹತ್ತಿರ ನಿಂತು ಪಾಸ್ ಪಡೆಯುವ ತಪ್ಪಿನ ಬಗ್ಗೆ. ಆಫ್‌ಸೈಡ್ ಸ್ಥಾನವನ್ನು ನೋಡಬೇಕಾದದ್ದು ಸಹ ಆಟಗಾರ ಚೆಂಡನ್ನು ಒದ್ದ ಕ್ಷಣದಲ್ಲಿ, ಅದು ಮುಂದಿನವನ ಕಾಲಿಗೆ ತಲುಪಿದ ಕ್ಷಣದಲ್ಲಲ್ಲ. ನೋಡುವವರ ಕಣ್ಣು ಚೆಂಡಿನ ಹಿಂದೆ ಹೋಗಿ ಅದು ತಲುಪಿದ ಮೇಲೆಯೇ ಮುಂದಿನವನನ್ನು ಕಾಣುತ್ತದೆ, ಅಷ್ಟರಲ್ಲಿ ಅವನು ನಾಲ್ಕು ಹೆಜ್ಜೆ ಓಡಿರುತ್ತಾನೆ. ಮೇಲಾಗಿ, ಹಿಂದಿನಿಂದ ಎರಡನೆಯ ಡಿಫೆಂಡರ್‌ನ ನೇರಕ್ಕೆ ನಿಲ್ಲದೆ ಓರೆಯಾಗಿ ನೋಡುವವರಿಗೆ ಆಚೆ ಬದಿಯ ಆಟಗಾರ ಇರುವುದಕ್ಕಿಂತ ಮುಂದೆಯೋ ಹಿಂದೆಯೋ ಕಾಣುತ್ತಾನೆ. ಸಹಾಯಕ ರೆಫರಿ ಗೆರೆಯುದ್ದಕ್ಕೂ ಹಿಂದೆ ಮುಂದೆ ಸರಿಯುತ್ತಿರುವುದು ಆ ನೇರವನ್ನು ಕಾಯ್ದುಕೊಳ್ಳುವುದಕ್ಕೇ. ಮೈದಾನದ ನಡುಗೆರೆಯ ಹತ್ತಿರ ನಿಂತು “ಕಣ್ಣು ಕಾಣುವುದಿಲ್ಲವೇ” ಎಂದು ಕೇಳುವ ತಾಯಿಗೆ ಆ ಜಾಗದಿಂದ ಸರಿಯಾದ ಉತ್ತರ ಕಾಣಲು ಸಾಧ್ಯವೇ ಇಲ್ಲ. ಆಟಕ್ಕೆ ಸಂಬಂಧಿಸಿದ ಸಂಗತಿಗಳಲ್ಲಿ ರೆಫರಿಯ ತೀರ್ಮಾನವೇ ಕೊನೆಯದು ಎನ್ನುತ್ತದೆ ಫುಟ್‌ಬಾಲ್ ನಿಯಮಾವಳಿಯ ಐದನೆಯ ನಿಯಮ. 2019ರಿಂದ ಕೋಚ್‌ಗಳಿಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು. ಪೋಷಕರಿಗೆ ಕಾರ್ಡ್ ಇಲ್ಲ. ಹೊರಗಿನವರ ಅಡ್ಡಿ ಮಿತಿಮೀರಿದರೆ ರೆಫರಿ ಪಂದ್ಯವನ್ನೇ ನಿಲ್ಲಿಸಬಹುದು, ಆಗ ದೊಡ್ಡವರ ತಪ್ಪಿಗೆ ಆಟ ಕಳೆದುಕೊಳ್ಳುವವರು ಮಕ್ಕಳು.

ಇದಕ್ಕೆ ಹುಡುಕಿದ ಪರಿಹಾರಗಳು ಹಲವು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ‘ರೆಸ್ಪೆಕ್ಟ್’ ಎಂಬ ಕಾರ್ಯಕ್ರಮ ಆರಂಭಿಸಿ, ಮಕ್ಕಳ ಪಂದ್ಯಗಳಲ್ಲಿ ನೋಡುಗರಿಗೆ ಹಗ್ಗದ ಹಿಂದೆ ಪ್ರತ್ಯೇಕ ಜಾಗ ಗುರುತಿಸುವುದನ್ನು ರೂಢಿಗೆ ತಂದಿತು. 1999ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಬಾಲಕಿಯರ ಲೀಗೊಂದು ಒಂದು ಭಾನುವಾರದ ಪಂದ್ಯಗಳಲ್ಲಿ ಪೋಷಕರೂ ಕೋಚ್‌ಗಳೂ ಮೌನವಾಗಿರಬೇಕೆಂದು ಕೇಳಿಕೊಂಡಿತು. ಆ ಪ್ರಯೋಗ ಮುಂದೆ ಬೇರೆ ಬೇರೆ ಕಡೆ ‘ಮೌನ ಶನಿವಾರ’, ‘ಮೌನ ಭಾನುವಾರ’ ಎಂಬ ಹೆಸರುಗಳಲ್ಲಿ ಮರುಕಳಿಸಿದೆ. ಹಗ್ಗದ ವಿಧಾನ ನನಗೆ ಹೆಚ್ಚು ಒಪ್ಪಿಗೆ, ಏಕೆಂದರೆ ದೂರ ಹೆಚ್ಚಿದಷ್ಟೂ ದನಿಯ ಹಿಡಿತ ಸಡಿಲವಾಗುತ್ತದೆ. ಪೂರ್ತಿ ಮೌನವನ್ನು ನಾನು ಋತುವಿಗೊಮ್ಮೆ ಮಾತ್ರ ಸೂಚಿಸುತ್ತೇನೆ. ಚಪ್ಪಾಳೆ, “ಚೆನ್ನಾಗಿತ್ತು” ಎಂಬ ಮಾತು, ಎದುರು ತಂಡದ ಒಳ್ಳೆಯ ಆಟಕ್ಕೂ ಸಿಗುವ ಮೆಚ್ಚುಗೆ, ಇವು ಮಕ್ಕಳಿಗೆ ಬೇಕು. ಆದರೆ ಆ ಒಂದು ದಿನ ಮೈದಾನದೊಳಗಿನಿಂದ ಮಕ್ಕಳೇ ಒಬ್ಬರಿಗೊಬ್ಬರು “ಇಲ್ಲಿದ್ದೇನೆ”, “ಹಿಂದೆ ನೋಡು” ಎಂದು ಕೂಗಿಕೊಳ್ಳುವುದು ಪೋಷಕರ ಕಿವಿಗೆ ಮೊದಲ ಸಲ ಬೀಳುತ್ತದೆ, ಆ ದನಿಗಳನ್ನು ಇಷ್ಟು ದಿನ ಮುಚ್ಚಿಹಾಕಿದ್ದು ಯಾವುದೆಂದು ನಾನು ವಿವರಿಸಬೇಕಾಗುವುದಿಲ್ಲ.

“ಸುಮ್ಮನಿರಿ” ಎಂದು ಹೇಳಿದರೆ ಮಾತ್ರ ಸಾಲದು. ಪೋಷಕರ ಕೂಗು ಬಹುಮಟ್ಟಿಗೆ ಅವರ ಸ್ವಂತ ಆತಂಕದ ದನಿ: ತನ್ನ ಮಗು ಎಲ್ಲರೆದುರು ಎಡವಬಹುದೆಂಬ ಭಯ, ಏನೂ ಮಾಡಲಾಗದೆ ನಿಂತಿರಬೇಕಾದ ಸಂಕಟ. ಕೂಗಿದರೆ ಕೂಗಿದವರ ಎದೆ ಹಗುರಾಗುತ್ತದೆ, ಭಾರ ಮಾತ್ರ ಮಗುವಿಗೆ ದಾಟುತ್ತದೆ. ಹಾಗಾಗಿ ಆ ಆತಂಕಕ್ಕೆ ಬೇರೊಂದು ಕೆಲಸ ಹಚ್ಚಬೇಕು. ಆರಂಭದಲ್ಲಿ ಹೇಳಿದ ತಂದೆಗೆ ನಾನು ಒಂದು ಚೀಟಿ ಕೊಟ್ಟು, ಚೆಂಡು ಬರುವ ಮೊದಲು ಮಗಳು ಎಷ್ಟು ಸಲ ತಲೆ ತಿರುಗಿಸಿ ಸುತ್ತ ನೋಡುತ್ತಾಳೆಂದು ಎಣಿಸಿ ಗೀಟು ಹಾಕಲು, ಗೆರೆಯತ್ತ ನೋಡಿದ್ದನ್ನು ಬೇರೆ ಸಾಲಿನಲ್ಲಿ ಗುರುತಿಸಲು ಹೇಳಿದೆ. ಮೂಲೆಯ ಬಾವುಟದ ಹತ್ತಿರ, ಅವಳ ಕಣ್ಣಿಗೆ ಸುಲಭವಾಗಿ ಬೀಳದ ಕಡೆ ನಿಂತುಕೊಳ್ಳಲು ಒಪ್ಪಿಸಿದೆ. ಎಣಿಕೆಯನ್ನು ಮಗಳಿಗೆ ತೋರಿಸಬಾರದು, ಅದರ ಬಗ್ಗೆ ಮಾತನಾಡಲೂಬಾರದು ಎಂಬುದು ಷರತ್ತು.

ಮನೆಗೆ ಮರಳುವ ದಾರಿಯ ಬಗ್ಗೆಯೂ ಅವರು ಕೇಳಿದರು. ಕಾರಿನ ಬಾಗಿಲು ಮುಚ್ಚಿದ ಕೂಡಲೇ ಆರಂಭವಾಗುವ ವಿಶ್ಲೇಷಣೆ ಮಕ್ಕಳಿಗೆ ಸೋಲಿಗಿಂತ ಭಾರವೆಂದು ನನ್ನೆದುರು ಕೂತ ಎಷ್ಟೋ ಮಕ್ಕಳು ಹೇಳಿದ್ದಾರೆ, ಏಕೆಂದರೆ ಅಲ್ಲಿಂದ ಎದ್ದುಹೋಗಲು ದಾರಿಯಿಲ್ಲ. ಹಸಿವಾಗಿದೆಯೇ ಎಂದು ಕೇಳಿ, ನಿನ್ನ ಆಟ ನೋಡಿ ಖುಷಿಯಾಯಿತು ಎಂದು ಹೇಳಿ, ಪಂದ್ಯದ ಮಾತನ್ನು ಮಗುವೇ ತೆಗೆಯುವವರೆಗೆ ಕಾಯಿರಿ ಎಂದೆ. ತೆಗೆಯದಿದ್ದರೆ, ಆ ದಿನಕ್ಕೆ ಆ ಮಾತು ಬೇಡ.

ಮೊದಲ ಚೀಟಿಯಲ್ಲಿ ಗೆರೆಯತ್ತ ನೋಡಿದ ಸಾಲೇ ಉದ್ದವಾಗಿತ್ತು. ತಂದೆ ಅದನ್ನು ನನ್ನ ಮೇಜಿನ ಮೇಲಿಟ್ಟು ಬಹಳ ಹೊತ್ತು ಮಾತನಾಡಲಿಲ್ಲ. ನಾಲ್ಕು ವಾರಗಳ ನಂತರದ ಚೀಟಿಯಲ್ಲಿ ಆ ಸಾಲಿನಲ್ಲಿ ಎರಡೇ ಗೀಟುಗಳಿದ್ದವು, ಎರಡರ ಪಕ್ಕದಲ್ಲೂ ಅವರು ಚಿಕ್ಕ ಅಕ್ಷರದಲ್ಲಿ “ನೀರು ಬೇಕಿತ್ತು” ಎಂದು ಬರೆದಿದ್ದರು.