ಎರಡನೇ ಲಿವರಿಗೆ ಸುತ್ತಿದ ತಂತಿ

ಮುಂಗಾರು ಶುರುವಾಗುವ ಹೊತ್ತಿಗೆ ಹೊಸನಗರದ ಕಡೆಯಿಂದ ಒಂದು ಟ್ರ್ಯಾಕ್ಟರ್ ನನ್ನ ಗ್ಯಾರೇಜಿಗೆ ಬಂತು. ‘ಲಿಫ್ಟಿಗೆ ಶಕ್ತಿ ಇಲ್ಲ ಮಾರಾಯ್ರೆ. ಮಕ್ಕಿಗದ್ದೆ ಹೂಡುವಾಗ ಎಂಜಿನ್ ಬಂದ್ ಬೀಳ್ತದೆ, ಚಕ್ರ ನಿಂತಲ್ಲೇ ತಿರುಗ್ತದೆ. ಪಂಪ್ ಬದಲಾಯಿಸಿ’ ಅಂದರು ಯಜಮಾನರು. ಲಿಫ್ಟ್ ಅಂದರೆ ಹಿಂದೆ ಕಟ್ಟಿದ ನೇಗಿಲನ್ನು ಎಣ್ಣೆಯ ಒತ್ತಡದಿಂದ (ಹೈಡ್ರಾಲಿಕ್) ಎತ್ತಿ ಇಳಿಸುವ ಸಾಧನ. ಸೀಟಿನ ಪಕ್ಕ ಬಗ್ಗಿ ನೋಡಿದೆ. ಅದರ ಎರಡು ಲಿವರುಗಳಲ್ಲಿ ಒಂದಕ್ಕೆ ಬೈಂಡಿಂಗ್ ತಂತಿ ಸುತ್ತಿ ಬಿಗಿದಿತ್ತು.

‘ಇದ್ಯಾಕೆ?’

‘ಅದಕ್ಕೆ ಕೈ ತಾಗಿದರೆ ನೇಗಿಲು ತನ್ನಷ್ಟಕ್ಕೆ ಏಳ್ತದೆ, ಇಳೀತದೆ. ಕಿರಿಕಿರಿ.’

ತನ್ನಷ್ಟಕ್ಕೆ ಏಳುವುದೇ ಅದರ ಕೆಲಸ!

ಅವರು ಬಳಸುತ್ತಿದ್ದದ್ದು ಪೊಸಿಷನ್ ಲಿವರ್ ಒಂದನ್ನೇ. ಅದನ್ನು ಎಲ್ಲಿಗೆ ಇಡುತ್ತೀರೋ ಲಿಫ್ಟಿನ ತೋಳು ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಎತ್ತರ ಅಂದರೆ ಟ್ರ್ಯಾಕ್ಟರಿಗೆ ಲೆಕ್ಕ, ನೆಲಕ್ಕಲ್ಲ. ಮುಂದಿನ ಚಕ್ರ ದಿಣ್ಣೆ ಹತ್ತಿದರೆ ಹಿಂದೆ ನೇಗಿಲು ಇನ್ನಷ್ಟು ಆಳಕ್ಕೆ ಹೂತುಕೊಳ್ಳುತ್ತದೆ. ನಮ್ಮ ಮಕ್ಕಿಗದ್ದೆಯಲ್ಲಿ ನಾಲ್ಕು ಮಾರು ದೂರ ಮೆತ್ತಗಿನ ಮಣ್ಣು, ಆಮೇಲೆ ಜಂಬಿಟ್ಟಿಗೆಯ ಗಟ್ಟಿ ಪದರ. ಅಲ್ಲಿ ಎಂಜಿನ್ ಸೋಲದೆ ಏನು ಮಾಡೀತು?

ತಂತಿ ಕಟ್ಟಿಸಿಕೊಂಡದ್ದು ಡ್ರಾಫ್ಟ್ ಲಿವರ್. ಇದು ನೋಡುವುದು ಎತ್ತರವನ್ನಲ್ಲ, ಎಳೆತದ ಭಾರವನ್ನು. ನೇಗಿಲನ್ನು ಟ್ರ್ಯಾಕ್ಟರಿಗೆ ಜೋಡಿಸುವ ಮೂರು ಕಂಬಿಗಳೇ ಲಿಂಕುಗಳು. ಕೆಳಗಿನ ಎರಡು ನೇಗಿಲನ್ನು ಎಳೆಯುತ್ತವೆ, ಮೇಲಿನದು ಟಾಪ್ ಲಿಂಕ್. ಮಣ್ಣು ಗಟ್ಟಿಯಾದಷ್ಟೂ ನೇಗಿಲು ಮುಗ್ಗರಿಸಲು ನೋಡುತ್ತದೆ, ಆಗ ಟಾಪ್ ಲಿಂಕ್ ಟ್ರ್ಯಾಕ್ಟರಿನ ಬೆನ್ನಿಗೆ ಒತ್ತುತ್ತದೆ. ಅಲ್ಲಿರುವ ದಪ್ಪ ಸ್ಪ್ರಿಂಗ್ ಕುಗ್ಗಿ ಹೈಡ್ರಾಲಿಕ್ ವಾಲ್ವನ್ನು ತಳ್ಳುತ್ತದೆ. ನೇಗಿಲು ಬೆರಳಷ್ಟು ಎದ್ದು, ಗಟ್ಟಿ ಜಾಗ ದಾಟಿದ ಮೇಲೆ ಮತ್ತೆ ಇಳಿಯುತ್ತದೆ. ಏಳುವಾಗ ಅದರ ಭಾರ ಹಿಂದಿನ ಚಕ್ರದ ಮೇಲೆ ಬೀಳುವುದರಿಂದ ಹಿಡಿತವೂ ಸಿಗುತ್ತದೆ. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ತಲೆಯಿಂದ ಬಂದ ಉಪಾಯ ಇದು. 1939ರ ಫೋರ್ಡ್ ಟ್ರ್ಯಾಕ್ಟರಿನೊಂದಿಗೆ ಲೋಕಕ್ಕೆಲ್ಲ ಹರಡಿತು. ಅದಕ್ಕೂ ಮೊದಲು ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿ ಟ್ರ್ಯಾಕ್ಟರಿನ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುವುದಿತ್ತು.

ಹಾಗಂತ ರೋಟವೇಟರಿಗೆ ಡ್ರಾಫ್ಟ್ ಹಾಕಬೇಡಿ. ಅದರ ಬ್ಲೇಡುಗಳು ತಿರುಗುತ್ತಾ ಟ್ರ್ಯಾಕ್ಟರನ್ನೇ ಮುಂದಕ್ಕೆ ದೂಡುತ್ತವೆ. ಟಾಪ್ ಲಿಂಕಿಗೆ ಭಾರವೇ ತಿಳಿಯದೆ ಯಂತ್ರ ಇಳಿಯುತ್ತಲೇ ಹೋಗುತ್ತದೆ. ಅದಕ್ಕೂ ನಟ್ಟಿಗೆ ಮುಂಚಿನ ಕೆಸರು ಕೆಲಸಕ್ಕೂ ಪೊಸಿಷನ್ನೇ ಸರಿ. ಒಂದನ್ನು ಬಳಸುವಾಗ ಇನ್ನೊಂದು ಲಿವರ್ ಎಲ್ಲಿರಬೇಕು ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಜೊತೆಗೆ ಕೊಟ್ಟ ಪುಸ್ತಕ ತೆಗೆದು ನೋಡಿ. (ಅದು ದೇವರ ಗೂಡಿನಲ್ಲಿ ಇರುತ್ತದೆ, ನನಗೆ ಗೊತ್ತು.)

ಇನ್ನೊಂದು, ಹಲವು ಟ್ರ್ಯಾಕ್ಟರುಗಳಲ್ಲಿ ಸೀಟಿನ ಕೆಳಗೆ ಲಿಫ್ಟ್ ಇಳಿಯುವ ವೇಗಕ್ಕೆ ಒಂದು ತಿರುಪು ಇರುತ್ತದೆ. ಸಾಗರದ ಒಬ್ಬರು ‘ಲಿಫ್ಟ್ ಇಳಿಯೋದೇ ಇಲ್ಲ’ ಎಂದು ಗಾಡಿಯನ್ನು ಶಿವಮೊಗ್ಗದವರೆಗೆ ತಂದಿದ್ದರು. ಮೊಮ್ಮಗ ಆಟಕ್ಕೆ ತಿರುಪು ಪೂರ್ತಿ ಮುಚ್ಚಿದ್ದ. ಒಂದು ಸುತ್ತು ತಿರುಗಿಸಿದೆ, ದುಡ್ಡು ಕೇಳಲು ನಾಚಿಕೆಯಾಯಿತು.

ನಾಚಿಕೆ ಬಿಟ್ಟು ಗದರುವುದು ಒಂದಕ್ಕೆ ಮಾತ್ರ. ನೇಗಿಲು ಎತ್ತಿಟ್ಟು ಅದರ ಕೆಳಗೆ ತೂರಿ ಬೋಲ್ಟ್ ಬಿಗಿಯುವುದು. ಎಂಜಿನ್ ಬಂದಾಗಿದ್ದರೆ ಲಿಫ್ಟ್ ಏಳುವುದಿಲ್ಲ ನಿಜ, ಆದರೆ ಲಿವರಿಗೆ ಮೊಣಕೈ ತಾಗಿದರೆ ಸಾಕು, ಬೀಳುತ್ತದೆ. ನೆಲಕ್ಕಿಳಿಸಿ, ಇಲ್ಲವೇ ಕೆಳಗೆ ಗಟ್ಟಿ ದಿಮ್ಮಿ ಕೊಡಿ.

ಹೊಸನಗರದವರ ಪಂಪಿಗೆ ಏನೂ ಆಗಿರಲಿಲ್ಲ. ಇಕ್ಕುಳದಿಂದ ತಂತಿ ಕತ್ತರಿಸಿ ಕೈಗೆ ಕೊಟ್ಟೆ. ಅವರು ಅದನ್ನು ನೇರ ಮಾಡಿ, ಸುತ್ತಿ, ಜೇಬಿಗಿಳಿಸಿದರು. ‘ಬೇಲಿಗೆ ಆಗ್ತದೆ.’