ಬಾರ್ಜ್ ಬಗೆಗಳು: ಹೆಸರು ಆಮೇಲೆ, ಮೊದಲು ಸರಕು ನೋಡಿ

ಒಳನಾಡು ಜಲಸಾರಿಗೆ ಪಾಠದಲ್ಲಿ ಬರುವ, ಸರಕು ಸಾಗಿಸುವ ದೊಡ್ಡ ದೋಣಿಗಳಾದ ಬಾರ್ಜ್‌ಗಳ ಹೆಸರನ್ನು ಸುಮ್ನೆ ಬಾಯಿಪಾಠ ಮಾಡಬೇಡಿ, ಎರಡು ದಿನಕ್ಕೆ ಮರೆತುಹೋಗುತ್ತವೆ. ಎರಡೇ ಪ್ರಶ್ನೆ ಇಟ್ಟುಕೊಳ್ಳಿ. ಸರಕು ಏನು? ನೀರು ಎಷ್ಟು ಆಳ? ಬಾರ್ಜ್ ಯಾಕೆ ಹಾಗಿದೆ ಅನ್ನೋದು ಹೆಚ್ಚುಕಡಿಮೆ ಇದರಲ್ಲೇ ಗೊತ್ತಾಗುತ್ತೆ.

ಆಳದಿಂದ ಶುರು ಮಾಡೋಣ. ಬಾರ್ಜ್ ನೀರಿನೊಳಗೆ ಎಷ್ಟು ಮುಳುಗಿದೆಯೋ ಅದೇ ಡ್ರಾಫ್ಟ್. ನದಿ ಆಳ ಇರಲ್ಲ, ಆದರೆ ಭಾರ ಜಾಸ್ತಿ ಹೊರಬೇಕು, ಅದಕ್ಕೇ ತಳ ಚಪ್ಪಟೆ, ಮೈ ಅಗಲ. ಅಮೆರಿಕದ ಮಿಸಿಸಿಪ್ಪಿ ನದಿಯಲ್ಲಿ ಓಡುವ ಸಾಮಾನ್ಯ ಬಾರ್ಜ್ 195 ಅಡಿ ಉದ್ದ, 35 ಅಡಿ ಅಗಲ. ಈ ವಿಸ್ತೀರ್ಣ ಹಿಡಿದು ಒಂದು ಲೆಕ್ಕ ಮಾಡಿ ನೋಡಿ: ಒಂದೊಂದು ಸೆಂಟಿಮೀಟರ್ ಮುಳುಗಿದಾಗಲೂ ಸುಮಾರು 6 ಟನ್ ಸರಕು ಏರಿದೆ ಅಂತ ಅರ್ಥ. ಹಾಗಾಗಿ ನದಿಯಲ್ಲಿ ನೀರು 30 ಸೆಂಟಿಮೀಟರ್ ಇಳಿದರೆ ಒಂದು ಬಾರ್ಜ್‌ನಿಂದ 180 ಟನ್‌ನಷ್ಟು ಇಳಿಸಲೇಬೇಕು. ಯುರೋಪಿನ ರೈನ್ ನದಿಯಲ್ಲಿ 2018 ಮತ್ತು 2022ರಲ್ಲಿ ಕೌಬ್ ಎಂಬಲ್ಲಿ ನೀರು ತೀರಾ ಇಳಿದಾಗ ಸರಕು ಹಡಗುಗಳು ಅರ್ಧಂಬರ್ಧ ತುಂಬಿಕೊಂಡೇ ಓಡಿದ್ದು ಇದೇ ಕಾರಣಕ್ಕೆ.

ಈಗ ಸರಕು. ಕಲ್ಲಿದ್ದಲು, ಮರಳು, ಜಲ್ಲಿ ಮಳೆಯಲ್ಲಿ ನೆನೆದರೂ ನಡೆಯುತ್ತೆ, ಅವಕ್ಕೆ ಮೇಲೆ ತೆರೆದ ಹಾಪರ್ ಬಾರ್ಜ್ ಸಾಕು. ಧಾನ್ಯ, ಗೊಬ್ಬರ, ಸಿಮೆಂಟ್ ನೆನೆಯಬಾರದು, ಅದಕ್ಕೆ ಮುಚ್ಚಳ ಇರುವ ಹಾಪರ್. ಎರಡರಲ್ಲೂ ಸರಕು ತುಂಬುವ ದೊಡ್ಡ ಗುಂಡಿಯ ಸುತ್ತ ಖಾಲಿ ಕೋಣೆಗಳಿರುತ್ತವೆ, ಬಾರ್ಜ್ ತೇಲಲು ಅವೂ ನೆರವಾಗುತ್ತವೆ.

ಯಂತ್ರ, ಟ್ರಾನ್ಸ್‌ಫಾರ್ಮರ್, ಸೇತುವೆಯ ತುಂಡುಗಳಂಥವಕ್ಕೆ ಡೆಕ್ ಬಾರ್ಜ್. ಮೇಲೆ ಸಮತಟ್ಟು, ಗುಂಡಿ ಇಲ್ಲ, ಅಷ್ಟೇ.

ಟ್ಯಾಂಕ್ ಬಾರ್ಜ್ ಹತ್ತಿರ ಸ್ವಲ್ಪ ನಿಲ್ಲಿ, ಇದು ನನಗೆ ತುಂಬಾ ಇಷ್ಟವಾದ ಭಾಗ. ಅಗಲವಾದ ತಟ್ಟೆಯಲ್ಲಿ ನೀರು ಹಿಡಿದು ನಡೆದರೆ ಏನಾಗುತ್ತೆ? ತಟ್ಟೆ ಚೂರು ವಾಲಿದರೂ ನೀರೆಲ್ಲ ಆ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತೆ, ಅಲ್ವಾ? ಅರ್ಧ ತುಂಬಿದ ಎಣ್ಣೆ ಟ್ಯಾಂಕಿನಲ್ಲೂ ಹಾಗೇ. ಮಧ್ಯದಲ್ಲಿ ಉದ್ದಕ್ಕೆ ಒಂದು ಗೋಡೆ ಹಾಕಿದರೆ ಈ ಕಾಟ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಯಾಕಂದ್ರೆ ಇದು ಟ್ಯಾಂಕಿನ ಅಗಲದ ಘನಕ್ಕೆ ತಕ್ಕಂತೆ ಏರುತ್ತೆ: ಅಗಲ ಅರ್ಧವಾದ ಒಂದೊಂದು ಟ್ಯಾಂಕಿಗೆ ಎಂಟನೇ ಒಂದು, ಎರಡೂ ಸೇರಿ ಕಾಲು. ಎಣ್ಣೆ ಸೋರುವ ಅಪಾಯಕ್ಕೆ ಬೇರೆ ಉಪಾಯ, ಎರಡು ಪದರದ ಮೈ. ಅಮೆರಿಕದಲ್ಲಿ 1990ರ ಎಣ್ಣೆ ಮಾಲಿನ್ಯ ಕಾಯ್ದೆ ಇದನ್ನು ಕಡ್ಡಾಯ ಮಾಡಿತು. ಒಂದೇ ಪದರದವು 2015ರ ಹೊತ್ತಿಗೆ ಎಣ್ಣೆ ಸಾಗಣೆಯಿಂದ ಹೊರಬಿದ್ದವು.

ಬಾರ್ಜ್‌ನ ಮೂತಿಯನ್ನೂ ಗಮನಿಸಿ. ಕೆಳಗಿನಿಂದ ಇಳಿಜಾರಾಗಿ ಮೇಲೆದ್ದಿದ್ದರೆ ರೇಕ್, ಪೆಟ್ಟಿಗೆ ಥರ ನೇರ ಕತ್ತರಿಸಿದಂತಿದ್ದರೆ ಬಾಕ್ಸ್. ರೇಕ್ ನೀರನ್ನು ಸಲೀಸಾಗಿ ಸೀಳುತ್ತೆ, ಬಾಕ್ಸ್ ಜಾಸ್ತಿ ತುಂಬಿಕೊಳ್ಳುತ್ತೆ. ಅದಕ್ಕೇ ಹಲವು ಬಾರ್ಜ್ ಸಾಲಾಗಿ ಕಟ್ಟುವಾಗ ಸಾಲಿನ ತುದಿಗಳಲ್ಲಿ ರೇಕ್, ನಡುವೆ ಬಾಕ್ಸ್ ಜೋಡಿಸುತ್ತಾರೆ.

ಸ್ವಂತ ಎಂಜಿನ್ ಇರುವವೂ ಇವೆ, ಯುರೋಪಿನಲ್ಲಿ ಅವೇ ಜಾಸ್ತಿ. ಫ್ರಾನ್ಸಿನ ಪೆನಿಶ್ ಎಂಬ ಬಾರ್ಜ್ 38.5 ಮೀಟರ್ ಉದ್ದ, 5.05 ಮೀಟರ್ ಅಗಲ. ಈ ಅಳತೆ ಬಂದಿದ್ದು 1879ರ ಕಾನೂನಿನಿಂದ. ಕಾಲುವೆಯ ಲಾಕ್‌ಗಳು (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ, ಎರಡೂ ಕಡೆ ಗೇಟಿರುವ ಕಟ್ಟೆಗಳು) 39 ಮೀಟರ್ ಉದ್ದ, 5.2 ಮೀಟರ್ ಅಗಲ ಇರಬೇಕು ಅಂತ ಅದು ಹೇಳಿತು, ದೋಣಿ ಅದಕ್ಕೆ ಹೊಂದಿಕೊಂಡಿತು.

ಎಂಜಿನ್ ಇಲ್ಲದವನ್ನು ಮಿಸಿಸಿಪ್ಪಿಯಲ್ಲಿ ಉಕ್ಕಿನ ಹಗ್ಗದಿಂದ ಒಂದಕ್ಕೊಂದು ಬಿಗಿದು ಹಿಂದಿನಿಂದ ಟೋಬೋಟ್ ತಳ್ಳುತ್ತೆ. ಹೆಸರಲ್ಲಿ ಎಳೆಯುವ ಅರ್ಥ ಇದ್ದರೂ ಕೆಲಸ ತಳ್ಳೋದು, ಪರೀಕ್ಷೆಯಲ್ಲಿ ಇಲ್ಲಿ ಎಡವಬೇಡಿ. ಅಗಲಕ್ಕೆ 3, ಉದ್ದಕ್ಕೆ 5, ಒಟ್ಟು 15 ಬಾರ್ಜ್. ಅಗಲ 105 ಅಡಿ, ಲಾಕ್ 110 ಅಡಿ. ಎರಡೂ ಬದಿ ಸೇರಿ ಉಳಿಯೋದು ಬರೀ 5 ಅಡಿ! ಲಾಕ್ ಉದ್ದ 1,200 ಅಡಿ ಇದ್ದರೆ ಒಂದೇ ಸಲಕ್ಕೆ ಹೋಗುತ್ತೆ. 600 ಅಡಿ ಇದ್ದರೆ ಸಾಲು ಬಿಚ್ಚಿ ಮೊದಲು 9 ಬಾರ್ಜ್ ಕಳಿಸಿ, ಆಮೇಲೆ ಉಳಿದ 6 ಮತ್ತು ಟೋಬೋಟ್ ದಾಟಿ, ಆಚೆ ಮತ್ತೆ ಹಗ್ಗ ಬಿಗಿದು ಹೊರಡಬೇಕು.